ಬಸುರಿ ಸೊಸಿಯ ನರ, ಅತ್ತಿಯ ಗಾಬರಿ

ಅಫಜಲಪುರ ಸೀಮ್ಯಾಗ ಆಶಾ ಕಾರ್ಯಕರ್ತೆ ಆಗಿ ಬಸುರಿ ಹೆಣ್ಮಕ್ಕಳ ಹಿಂದ ಅಡ್ಡಾಡಿ ಅಡ್ಡಾಡಿ ನನ್ನ ಚಪ್ಪಲಿ ಸವದಾವ. ಒಂದು ಮಾತು ಖರೇ, ಜೀವ ಬಾಯಿಗೆ ಬರೋ ಹೊತ್ತಿನ್ಯಾಗೇ ನಮ್ಮ ಮಂದಿ ನಗಸ್ತಾರ. ಹವಳಗಾ ಊರಿನ ಈ ಅತ್ತಿ-ಸೊಸಿನ್ನೇ ನೋಡ್ರಿ.

೧. ಕುಬುಸ

ಸೊಸಿಗೆ ಏಳು ತಿಂಗಳು. ಎರಡು ದಿನದಿಂದ ಕಾಲು ಜುಮುಜುಮು ಅಂತಾವ ಅಂದಿದ್ಲು. ಬಸುರಾಗ ಇದೆಲ್ಲಾ ಇರೂದೇ ಅಂತ ಎಲ್ಲಾರೂ ಸುಮ್ಮನಾದ್ರು. ಕುಬುಸದ ದಿನ ಹಸಿರು ಸೀರಿ ಉಡಿಸಿ, ಉಡಿ ತುಂಬಿ, ಹಿರೇರಿಗೆ ನಮಸ್ಕಾರ ಮಾಡು ಅಂದ್ರ ಈಕಿ ಕುರ್ಚಿ ಬಿಟ್ಟು ಏಳವಲ್ಲಳು. ಹಿರೇರು ಕಾಲು ಚಾಚಿಕೊಂಡು ಕಾಯ್ದಿದ್ದೇ ಕಾಯ್ದಿದ್ದು.

"ಕಾಲಾಗ ತ್ರಾಣ ಇಲ್ರಿ ಅಕ್ಕಾ," ಅಂತ ನನ್ನ ಕೈ ಹಿಡದ್ಲು. ಕುರ್ಚಿ ಸಮೇತ ಎತ್ತಿ ಜೀಪಿನ ತನಕ ಒಯ್ದ್ವಿ. ಓಣಿ ಮುದುಕಿಯೊಬ್ಬಾಕಿ, "ಎಂಎಲ್ಎಗೂ ಇಂಥಾ ಮೆರವಣಿಗಿ ಆಗಿಲ್ಲ ಬಿಡ್ರಿ," ಅಂದ್ಲು.

೨. ಸುತ್ತಿಗಿ

ಕಲಬುರಗಿ ದವಾಖಾನಿಯ ಡಾಕ್ಟರು ಮೈಸೂರು ಕಡೆಯವರು. ಸಣ್ಣ ರಬ್ಬರ್ ಸುತ್ತಿಗಿಲೆ ಸೊಸಿಯ ಮೊಣಕಾಲಿಗೆ ಬಡದ್ರು. ಕಾಲು ಅಲಗಲಿಲ್ಲ. ಅತ್ತಿ ನಡುವ ಬಂದು ಪಲ್ಲಂಗದ ಮ್ಯಾಲ ಕುಂತು, "ಬಸುರಿಗೆ ಹೊಡಿಬ್ಯಾಡ್ರಿ ಸಾಹೇಬ್ರ, ನನಗ ಹೊಡೀರಿ!" ಅಂದ್ಲು. ಆಯ್ತಮ್ಮ ಅಂತ ಆಕಿಗೂ ಒಂದು ಬಡದ್ರು. ಕಾಲು ಜಿಗಿದು ಸೀದಾ ಡಾಕ್ಟರಿಗೇ ಬಿತ್ತು. "ಅಯ್ಯ ಯವ್ವ, ಒದ್ದೆನಲ್ಲ!" ಅಂತ ಅವರ ಕಾಲು ಮುಟ್ಟಿದ್ದೇ ಮುಟ್ಟಿದ್ದು.

ಆಮ್ಯಾಲ ಡಾಕ್ಟರು ತಿಳಿಸಿ ಹೇಳಿದ್ರು. ಅಪರೂಪದ ರೋಗ, ಮೈ ಕಾಯಬೇಕಾದ ಶಕ್ತಿನೇ ತಿರುಗಿ ನರಾ ಕಡಿತದ. ಔಷಧ ಅದ, ಆದ್ರ ಉಸಿರಿನ ತನಕ ಏರಿದ್ರ ತಾಯಿ-ಕೂಸು ಇಬ್ರಿಗೂ ಗಂಡಾಂತರ. ಅತ್ತಿ ಕಣ್ಣು ಒರಸ್ಕೊಂತ, "ಕಾವಲ ನಾಯಿ ಮನಿಯವರಿಗೇ ಕಚ್ಚೇದ ಅನ್ರಿ," ಅಂದ್ಲು.

೩. ಹೆಸರು

ಉಸಿರು ಗಟ್ಟಿ ಅದನೋ ಇಲ್ಲೋ ನೋಡಾಕ ಡಾಕ್ಟರು ಸೊಸಿಗೆ ದಿನಾ ಒಂದೇ ಉಸಿರಿನ್ಯಾಗ ಅಂಕಿ ಎಣಿಸಾಕ ಹಚ್ಚತಿದ್ರು. ಒಂದು ಮುಂಜಾನೆ ಡಾಕ್ಟರು, "ಇವತ್ತು ಅಂಕಿ ಬೇಡ, ಯಜಮಾನರ ಹೆಸರು ಜೋರಾಗಿ ಹೇಳಿ," ಅಂದ್ರು. ಸೊಸಿ ಗಪ್. "ಹೇಳಮ್ಮ!" ತುಟಿ ಬಿಚ್ಚವಲ್ಲಳು. ಡಾಕ್ಟರ ಮಾರಿ ಬೆಳ್ಳಗಾತು. "ಮಾತು ನಿಂತುಹೋಗಿದೆ! ಉಸಿರಾಟದ ಮಷಿನ್ ತನ್ನಿ!"

ನಾನು ಅಡ್ಡ ನಿಂತೆ. "ತಡೀರಿ ಸಾಹೇಬ್ರ! ಅತ್ತಿ ಎದುರಿಗೆ ಗಂಡನ ಹೆಸರು ಹ್ಯಾಂಗ ಹೇಳ್ತಾಳ್ರಿ?"

ಅತ್ತಿ ಗಳಗಳ ಅಳ್ಕೊಂತ ಎರಡೂ ಕಿವಿ ಮುಚ್ಚಿಕೊಂಡ್ಲು. "ಹೇಳ ನನ್ನವ್ವ, ನನಗ ಕೇಳಿಸಂಗಿಲ್ಲ. ನೀ ಉಳದ್ರ ಸಾಕು."

ಸೊಸಿ ಕಣ್ಣು ಮುಚ್ಚಿ ಹೆಸರು ಒದರಿದ್ಲು. ವಾರ್ಡಿಗೆ ವಾರ್ಡೇ ತಿರುಗಿ ನೋಡ್ತು. "ಉಸಿರು ಗಟ್ಟಿ ಇದೆ, ಮಷಿನ್ ಬೇಡ," ಅಂದ್ರು ಡಾಕ್ಟರು. ನನ್ನ ಜೀವಕ್ಕ ಜೀವ ಬಂತು.

ಹೊರಗಿದ್ದ ಗಂಡ ಓಡಿ ಬಂದ. "ಯಾರ ಕರದ್ರಿ ನನ್ನ?"

ಸೊಸಿ ಮಾರಿ ಗ್ವಾಡಿ ಕಡೆ ತಿರುವಿದ್ಲು. ಅತ್ತಿ ಕಿವಿ ಮ್ಯಾಲಿನ ಕೈ ತೆಗದು, "ನಾನೇ ಕರದೇನಿ! ಹೋಗ, ಡಾಕ್ಟರಿಗೆ ಚಾ ತಗೊಂಬಾ!" ಅಂದ್ಲು.