ಸವಳು ಬಾವಿಗೆ ಸಮುದ್ರದ ಮೀನು

ತಪ್ಪು ಮಾಡಲು ಕೆಲವರಿಗೆ ಕೈ ಬೇಕು, ಕೆಲವರಿಗೆ ಕಾಲು ಬೇಕು. ನನಗೆ ನಾಲಿಗೆಯೊಂದಿದ್ದರೆ ಸಾಕು. ನನ್ನ ಜೀವಮಾನದ ದೊಡ್ಡ ತಪ್ಪನ್ನು ನಾನು ಹೊಟ್ಟೆ ತುಂಬ ಹೋಳಿಗೆ ಉಂಡು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದು, ಒಂದೇ ಒಂದು ಮಾತಿನಲ್ಲಿ ಮಾಡಿ ಮುಗಿಸಿದೆ. ಆ ಮಾತು ಬಹಳ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಆಡುತ್ತಲೇ ಇರಲಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ. ಐದನೆಯದಕ್ಕೆ ಹೋದದ್ದು ನಿಜ, ಆದರೆ ನಾನು ಐದನೆಯದಕ್ಕೆ ಹೋದೆನೇ ಹೊರತು ಐದನೆಯದು ನನ್ನೊಳಗೆ ಬರಲಿಲ್ಲ. ಆಮೇಲೆ ಸವಣೂರಿನ ಪೇಟೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತೆ. ನಮ್ಮ ಮನೆಯಲ್ಲಿ ಎಲ್ಲರೂ ಮಾತುಗಾರರು. ನಾನು ಬಾಯಿ ತೆರೆದರೆ ಆಕಳಿಕೆ ಬಂತೇನೋ ಎಂದು ತಿಳಿಯುತ್ತಿದ್ದರು. ಅಂಥವನಿಗೆ ಒಮ್ಮೆ ಒಂದು ಒಳ್ಳೆಯ ಮಾತು ಸಿಕ್ಕಿಬಿಟ್ಟರೆ ಅದನ್ನು ನುಂಗಿಕೊಳ್ಳುವುದು ಸುಲಭವೇ, ನೀವೇ ಹೇಳಿ.

ಅಕ್ಕನಿಗೆ ದುಂಡಸಿಯಿಂದ ಸಂಬಂಧ ಬಂದಿತ್ತು. ಮನೆ ನೋಡಿ ಬರಬೇಕಾದ ಅಪ್ಪನ ಹಿಮ್ಮಡಿ ಕುರುವಾಗಿ ಕುಂಬಳಕಾಯಿಯಂತೆ ಊದಿತ್ತು. ಹಾಗಾಗಿ ನನ್ನನ್ನೂ ನಮ್ಮ ಕಾಕಾನನ್ನೂ ಕಳಿಸಿದರು. ಹೊರಡುವಾಗ ಅವ್ವ ನನ್ನ ಅಂಗಿ ಹಿಡಿದು ನಿಲ್ಲಿಸಿದಳು. "ಹೊಲ ನೋಡಬ್ಯಾಡ, ದನಾ ಎಣಿಸಬ್ಯಾಡ. ಅದನ್ನೆಲ್ಲಾ ನಾವು ಕೇಳಿ ತಿಳ್ಕೊಂಡೇವಿ. ನೀ ಬರೇ ಅವರ ಮನಿ ನೀರು ಕುಡದು ಬಾ. ಹೆಣಮಗಳ ಅರ್ಧ ಆಯುಷ್ಯ ನೀರಿನ ಹಿಂದ ಹೋಗ್ತೈತಿ, ತಿಳೀತಿಲ್ಲೋ?" ತಿಳಿಯಿತು ಎಂದು ತಲೆ ಆಡಿಸಿದೆ. ಒಬ್ಬ ಮನುಷ್ಯನಿಗೆ ಇದಕ್ಕಿಂತ ಹಗುರವಾದ ಕೆಲಸವನ್ನು ಯಾರೂ ಒಪ್ಪಿಸಲಾರರು.

ದುಂಡಸಿಯಲ್ಲಿ ಹೋಗಿ ಕೂತ ಕೂಡಲೇ ನೀರು ಕೇಳಿದೆ. ಹಿತ್ತಾಳೆ ಲೋಟದಲ್ಲಿ ಕೇಸರಿ ಹಾಕಿದ ಹಾಲು ಬಂತು. ಕುಡಿದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ನೀರು ಕೇಳಿದೆ. ಇಂಗು ಜೀರಿಗೆ ಒಗ್ಗರಣೆ ಕೊಟ್ಟ ಮಜ್ಜಿಗೆ ಬಂತು. ಅದನ್ನೂ ಕುಡಿದೆ. ಊಟಕ್ಕೆ ಹೋಳಿಗೆ, ಮೇಲೆ ಮತ್ತೆ ಹಾಲು. ಕಾಕಾ ಕಂಬಕ್ಕೆ ಒರಗಿ ಗೊರಕೆಗೆ ತೊಡಗಿದ. ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲೊಂದು ಬಾವಿ. ಕಟ್ಟೆಯ ಕಲ್ಲಿನ ಮೇಲೆ ಬಿಳಿ ಹೊಪ್ಪಳೆ. ತಂಬಿಗೆಯ ನೀರು ಬಾಯಿಗೆ ಹಾಕಿ ಮುಕ್ಕಳಿಸಿದೆನೋ ಇಲ್ಲವೋ, ನಾಲಿಗೆ ಸುರುಟಿಕೊಂಡಿತು. ಅಪ್ಪಟ ಸವಳು, ಬರೀ ಉಪ್ಪುನೀರು. ಉಗುಳಿ, ಸುತ್ತಮುತ್ತ ನೋಡಿ, ಬಾಯಿ ಒರೆಸಿಕೊಂಡು ಒಳಗೆ ಬಂದೆ. ಅಂದರೆ ನನಗೆ ಗೊತ್ತಾಗಿತ್ತು. ಇದನ್ನು ಇವತ್ತಿನವರೆಗೆ ನಾನು ಯಾರಿಗೂ ಬಿಡಿಸಿ ಹೇಳಿಲ್ಲ. ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಆ ಮಾತು ನನ್ನ ತಲೆಯಲ್ಲಿ ಹೊಲಿಗೆ ಬಿದ್ದು, ಗುಂಡಿ ಕಟ್ಟಿ, ಇಸ್ತ್ರಿಯಾಗಿ ತಯಾರಾಗಿತ್ತು. ಮನೆ ಮುಟ್ಟಿದ ಕೂಡಲೇ ಅಪ್ಪ ಕೇಳಿದ: "ನೀರು ಹೆಂಗೈತೋ?" ನಾನು ಎದೆ ಮುಂದೆ ಮಾಡಿ ಅಂದೆ: "ಅಪ್ಪಾ, ನೀರು ಕೇಳಿದ್ರ ಹಾಲು ಕೊಡೋ ಮನಿ ಅದು!"

ಅಪ್ಪ ಊದಿದ ಕಾಲನ್ನೂ ಮರೆತು ನಕ್ಕ. ಅವ್ವ ಕಣ್ಣೊರೆಸಿಕೊಂಡಳು. ಆ ಮಾತು ಮದುವೆ ಚಪ್ಪರದಲ್ಲಿ ಓಡಾಡಿತು, ಬೀಗರ ಊಟದಲ್ಲಿ ಎಲೆಯಿಂದ ಎಲೆಗೆ ಹೋಯಿತು. ಎರಡು ತಿಂಗಳ ಮೇಲೆ ಶಿಗ್ಗಾಂವಿ ಬಸ್ ನಿಲ್ದಾಣದಲ್ಲಿ ಒಬ್ಬ ಅಪರಿಚಿತ ಅದನ್ನು ನನಗೇ ಹೇಳಿದ. ಅದು ನನ್ನದು ಎಂದು ನಾನು ಅವನೊಡನೆ ವಾದಕ್ಕೆ ಬಿದ್ದು, ಬಸ್ಸು ತಪ್ಪಿಸಿಕೊಂಡೆ.

ಮೊದಲ ಸಲ ತವರಿಗೆ ಬಂದ ಅಕ್ಕನ ಕೂದಲು ನಾರಿನ ಹಗ್ಗದ ಹಾಗಾಗಿತ್ತು. ಊರಿನ ಬಾವಿಗಳೆಲ್ಲ ಸಿಹಿಯಂತೆ, ಇವರ ಹಿತ್ತಲದ್ದೊಂದೇ ಸವಳಂತೆ. ಆ ನೀರಿಗೆ ತೊಗರಿಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆಯುತ್ತದೆ. ಕುಡಿಯುವ ನೀರು ಮೂರು ಓಣಿ ದಾಟಿ ತರಬೇಕು. ಅಕ್ಕ ಇದನ್ನೆಲ್ಲ ಅವ್ವನಿಗೆ ನಗುನಗುತ್ತಲೇ ಹೇಳಿದಳು. ನನ್ನ ಕಡೆ ತಿರುಗಿ ಒಂದು ಮಾತೂ ಅನ್ನಲಿಲ್ಲ. ಆದರೆ ನಾನು ದುಂಡಸಿಗೆ ಹೋಗಿ, ದಣಿದು, "ಅಕ್ಕಾ, ಒಂದು ತಂಬಿಗಿ ನೀರು ಕೊಡು" ಎಂದರೆ ಒಳಗೆ ಹೋಗಿ ಹಾಲು ತಂದು ಮುಂದಿಡುವಳು. "ಇದು ನೀರು ಕೇಳಿದ್ರ ಹಾಲು ಕೊಡೋ ಮನೀಪಾ, ತಮ್ಮಾ. ಕುಡಿ." ಹನ್ನೊಂದು ವರ್ಷ ಆ ಮನೆಯಲ್ಲಿ ನನಗೆ ಒಂದು ಹನಿ ನೀರು ಸಿಗಲಿಲ್ಲ. ಬಸ್ಸು ಇಳಿಯುವ ಮೊದಲೇ ಚೀಲದಲ್ಲಿದ್ದ ಬಾಟಲಿಯಿಂದ ಕದ್ದು ಕುಡಿದು ಹೋಗುವ ರೂಢಿ ಮಾಡಿಕೊಂಡೆ. ಮೂರು ಓಣಿ ದಾಟಿ ಕೊಡ ಹೊತ್ತು ಬರುವ ಅಕ್ಕ ಮಷೀನು ತುಳಿಯುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದಳು. ಅಂಥ ದಿನ ಹೊಲಿದ ತೋಳು ಒಂದು ಉದ್ದ, ಒಂದು ಗಿಡ್ಡ.

ಹೀಗಿರುವಾಗ ಸವಣೂರಿಗೆ ಕಾರವಾರದಿಂದ ವರ್ಗವಾಗಿ ಬಂದ ಒಬ್ಬ ಸಾಹೇಬರು ಸಮುದ್ರವನ್ನೂ ಸಂಗಡ ತಂದರು. ಅಳತೆಗೆಂದು ಅವರ ಮನೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಕಬ್ಬಿಣದ ಕಾಲುಗಳ ಮೇಲೆ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ. ಒಳಗೆ ಉಸುಕು, ಹೂಕೋಸಿನಂಥ ಬಿಳಿ ಕಲ್ಲು, ಪಟ್ಟೆಪಟ್ಟೆಯ ಎರಡು ಮೀನು, ಗುಳುಗುಳು ಎಂದು ಗಾಳಿ ಬಿಡುವ ಒಂದು ಮಷೀನು. ಮೀನು ಮೊದಲು ಒಂಬತ್ತಿದ್ದವಂತೆ. ನಮ್ಮ ಸವಣೂರಿನ ಕರೆಂಟು ಏಳನ್ನು ತಿಂದಿತ್ತು. ಕರೆಂಟು ಹೋದಾಗಲೆಲ್ಲ ಗಾಳಿ ನಿಲ್ಲುತ್ತದೆ. ಆಗ ಸಾಹೇಬರ ಹೆಂಡತಿ ಒಂದು ಸೌಟು ಹಿಡಿದು, ಚಹಾ ಆರಿಸಿದ ಹಾಗೆ ನೀರನ್ನು ಎತ್ತಿ ಎತ್ತಿ ಸುರಿಯಬೇಕು. ಈಗ ಸಾಹೇಬರಿಗೆ ಮತ್ತೆ ವರ್ಗವಾಗಿತ್ತು. ಅವರ ಹೆಂಡತಿ ಸೌಟನ್ನು ತೊಟ್ಟಿಯೊಳಗೇ ಬಿಟ್ಟು ಅಂದರು: "ತಗೊಂಡು ಹೋಗ್ಬಿಡಿ ಟೇಲರೇ. ದುಡ್ಡು ಬೇಡ. ಇವರಿಗೆ ಎರಡು ಸಫಾರಿ ಹೊಲಿದುಕೊಡಿ, ಸಾಕು. ಸಮುದ್ರದ ನೀರು ಹೊಂದಿಸೋದೇ ಕಷ್ಟ. ಸಿಹಿನೀರು ಹಾಕಿದ್ರೆ ಮೀನು ಸತ್ತೇ ಹೋಗ್ತವೆ."

ಸಿಹಿನೀರಿಗೆ ಸಾಯುವ ಮೀನು! ನನ್ನ ಕೈಯ ಅಳತೆಪಟ್ಟಿ ಜಾರಿ ಬಿತ್ತು. ಇಡೀ ತಾಲ್ಲೂಕಿನಲ್ಲಿ ನನ್ನ ಅಕ್ಕನ ಬಾವಿಗೆ ಸರಿಹೊಂದುವ ಪ್ರಾಣಿ ಕೊನೆಗೂ ನನ್ನ ಕಣ್ಣಿಗೆ ಬಿದ್ದಿತ್ತು. ನಾಲ್ಕನೇ ಇಯತ್ತೆಯ ಲೆಕ್ಕ ಸರಳ: ಸಮುದ್ರವೂ ಉಪ್ಪು, ಸವಳೂ ಉಪ್ಪು. ದುಂಡಸಿಯ ಪಡಸಾಲೆಯಲ್ಲಿ ತೊಟ್ಟಿ ಇಡುವುದು. ಬಾವಿಯಿಂದ ನೀರು ಸೇದಿ ತುಂಬುವುದು. ಸುತ್ತಿನ ಹಳ್ಳಿಯ ಜನ ಗಾಡಿ ಕಟ್ಟಿಕೊಂಡು ಸಮುದ್ರ ನೋಡಲು ಬರುವರು. ಯಾವ ಬಾವಿಗೆ ಹನ್ನೊಂದು ವರ್ಷ ಅಕ್ಕ ತಲೆ ತಗ್ಗಿಸಿದಳೋ ಅದರ ಕಟ್ಟೆಗೆ ಅರಿಶಿನ ಕುಂಕುಮ ಏರಿಸುವರು. ಆಗ ಅಕ್ಕ ನನಗೆ ಒಂದು ಲೋಟ ನೀರು ಕೊಡುವಳು.

ನನ್ನ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮೀನು ಅಂದ್ರ ಮೂಗು ಮುಚ್ಚೋ ಮನಿತನ. ಸಾಕಾಕೋ ಸಾರಿಗೋ ಅಂತ ಬಂದವರೆಲ್ಲ ಕೇಳಿದ್ರ ನಿಮ್ಮ ಅಕ್ಕ ಏನು ಹೇಳಬೇಕ್ರಿ? ಮ್ಯಾಲೆ ಕರೆಂಟ್ ಹೋದ್ರ ಸೌಟು ಹಿಡಿಯೋರು ಯಾರು? ಬ್ಯಾಳಿನೂ ಬೇಯಂಗಿಲ್ಲ, ಮೀನಿಗೂ ಚಹಾ ಆರಿಸಬೇಕು. ಪಾಪ, ಇನ್ನ ಏನೇನು ಮಾಡಬೇಕಂತ ಐತಿ ಅಕ್ಕಾಗ ನೀವು?" ಹೊಲಿಯಲೋ ಬೇಡವೋ ಎಂದು ಒಂದು ವಾರ ತೊಳಲಾಡಿದೆ. ಬೆಳಿಗ್ಗೆ ಕೊಳ್ಳುವುದೆಂದು ಸಫಾರಿಯ ಬಟ್ಟೆಗೆ ಸುಣ್ಣದ ಗೆರೆ ಎಳೆಯುತ್ತಿದ್ದೆ, ಮಧ್ಯಾಹ್ನ ಬೇಡವೆಂದು ಝಾಡಿಸುತ್ತಿದ್ದೆ. ಕೊನೆಗೆ ಸಾಹೇಬರೇ ದಾರಿ ತೋರಿಸಿದರು. ಅವರ ಹತ್ತಿರ ನೀರು ಪರೀಕ್ಷೆಯ ಒಂದು ಗಾಜಿನ ಕಡ್ಡಿಯಿತ್ತು. "ಇದನ್ನ ನಿಮ್ಮ ಬಾವಿ ನೀರಲ್ಲಿ ಬಿಡಿ. ಈ ಕೆಂಪು ಗೆರೆಗೆ ನಿಂತರೆ ಸಮುದ್ರದ ನೀರಿನಷ್ಟು ಉಪ್ಪು, ಮೀನು ಬದುಕುತ್ತೆ. ಪೂರ್ತಿ ಮುಳುಗಿದರೆ ಸಿಹಿನೀರು, ಸುಮ್ಮನೆ ವಾಪಸ್ ಬನ್ನಿ."

ಕಡ್ಡಿಯನ್ನು ಟವೆಲಿನಲ್ಲಿ ಸುತ್ತಿ ಕೂಸನ್ನು ಒಯ್ದ ಹಾಗೆ ಒಯ್ದೆ. ಅಕ್ಕನಿಗೆ ಹೇಳದೆ ನೇರ ಹಿತ್ತಲಿಗೆ ಹೋಗಿ, ಒಂದು ಕೊಡ ಸೇದುವಷ್ಟರಲ್ಲಿ ಸಿಕ್ಕಿಬಿದ್ದೆ.

"ಏನಲೇ ತಮ್ಮಾ, ಹನ್ನೊಂದು ವರ್ಷದ ಮ್ಯಾಲೆ ನಮ್ಮ ಬಾವಿ ನೆಪ್ಪಾತೇನು?"

ತೊಟ್ಟಿ, ಮೀನು, ಸಫಾರಿ, ಸಮುದ್ರ ಎಲ್ಲ ಹೇಳಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತಳು. "ಬಿಡು, ಬಿಡು, ನೋಡೋಣ" ಎಂದಳು. ನಾನು ಮನೆದೇವರನ್ನು ನೆನೆದು ಕಡ್ಡಿಯನ್ನು ಕೊಡದೊಳಗೆ ಬಿಟ್ಟೆ. ಅದು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಟಣ್ ಎಂದು ತಳ ಮುಟ್ಟಿತು.

"ಏನಂತೈತಿ ಕಡ್ಡಿ?"

"ಮುಳುಗಿದ್ರ..." ಕಡ್ಡಿಯನ್ನು ಎತ್ತಿ ಟವೆಲಿನಲ್ಲಿ ಒರೆಸಿದೆ. "ಮುಳುಗಿದ್ರ ಸಿಹಿನೀರು ಅಂತ ಅರ್ಥ ಅಕ್ಕಾ."

ಬೇಳೆಗೆ ಉಪ್ಪಾಗಿ, ಮೀನಿಗೆ ಸಪ್ಪೆಯಾಗಿ, ಯಾರ ಕೆಲಸಕ್ಕೂ ಬಾರದ ನೀರು. ಆದರೆ ಅಕ್ಕನ ಮುಖ ಬೆಳಗಿತು. ಒಳಗೆ ತಿರುಗಿ ಕೂಗಿದಳು: "ಅತ್ತೀ, ಲಗೂನ ಬರ್ರಿ! ನಮ್ಮ ಬಾವಿ ನೀರು ಸಿಹಿ ಅಂತ! ಸಾಹೇಬ್ರ ಕಡ್ಡಿ ಹೇಳೇತಿ!"

ಅಕ್ಕನ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ನಾನು ನೆಲ ನೋಡುತ್ತ ನಿಂತೆ. ಇನ್ನು ಮುಚ್ಚಿಡುವುದು ಸಾಕು, ಎಲ್ಲ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. "ಅವತ್ತ ನಾ ಇಲ್ಲೇ ಬಾಯಿ ಮುಕ್ಕಳಿಸಿ..." ಎನ್ನುವಷ್ಟರಲ್ಲಿ ಆ ಮುದುಕಿ ನನ್ನ ಮಾತು ತಡೆದರು.

"ಗೊತ್ತೈತ್ರಿ ಬೀಗರ. ಅಡಗಿಮನಿ ಕಿಂಡ್ಯಾಗಿಂದ ನೋಡಿದ್ನಿ. ಉಗುಳಿದ್ರಿ. ಹಾಲು ಕುಡಿಸಿ ಮುಚ್ಚಿಟ್ಟಿದ್ದು ಬೈಲಾತು, ಸಂಬಂಧ ಹೋತು ಅಂತ ಮೂರು ದಿನ ನನಗ ಅನ್ನ ಸೇರಲಿಲ್ಲ. ನಾಕನೇ ದಿನಕ್ಕ ನಿಮ್ಮ ಒಪ್ಪಿಗಿ ಬಂತು! ಸವಳು ಅಂತ ಗೊತ್ತಿದ್ದೂ ಹೆಣ್ಣು ಕೊಟ್ರಲ್ಲಾ, ಎಂಥಾ ದೊಡ್ಡ ಮನಸಿನ ಮಂದಿ ಅಂತ ಅವತ್ತ ಕೈ ಮುಗಿದ್ನಿ. ಇವತ್ತಿನತನಾ ನಿಮ್ಮ ಅಕ್ಕನ ತಲಿಮ್ಯಾಲೆ ಒಂದು ಸಿಹಿನೀರಿನ ಕೊಡ ಹೊರಸಿಲ್ಲ. ನಾನ ಹೊತ್ತೇನಿ."

ನಾನು ಕಟ್ಟೆ ಹಿಡಿದುಕೊಂಡೆ. ಹನ್ನೊಂದು ವರ್ಷ ನಾನು ಕೊರಗಿದ್ದು ತಪ್ಪಾದ ತಲೆಯ ಬಗ್ಗೆ! ಅಕ್ಕನನ್ನು ನೋಡಿದೆ. ಅವಳು ಆಕಾಶದಲ್ಲಿ ಏನೋ ಹುಡುಕುತ್ತಿದ್ದಳು. ಎಲ್ಲ ಗೊತ್ತಿದ್ದೂ ಹಾಲಿನ ಮೇಲೆ ಹಾಲು ಕುಡಿಸಿದ ಹೆಂಗಸು ಇವಳು. ಅತ್ತೆಯ ನೆರೆತ ತಲೆಯ ನಡುವೆ, ಸಿಂಬಿ ಇಟ್ಟು ಇಟ್ಟು, ಕೂದಲು ಸವೆದ ಒಂದು ಗುಂಡು ಜಾಗ ಕಾಣಿಸಿತು. ಅಮ್ಮಾ, ದೊಡ್ಡ ಮನಸ್ಸೂ ಇಲ್ಲ ಎಂಥದೂ ಇಲ್ಲ, ಒಂದು ಚೆಂದದ ಮಾತಿನ ಆಸೆಗೆ ಸುಮ್ಮನಿದ್ದೆ, ಮನೆಯಲ್ಲಿ ಯಾರಿಗೂ ಸವಳು ಗೊತ್ತೇ ಇರಲಿಲ್ಲ ಎಂದು ಅವರ ಕಾಲಿಗೆ ಬೀಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ನನ್ನನ್ನು ದೊಡ್ಡ ಮನಸ್ಸಿನವನೆಂದು ಹುಟ್ಟಿದಾಗಿನಿಂದ ಯಾರೂ ಅಂದಿರಲಿಲ್ಲ. ಇನ್ನೊಂದು ಗಳಿಗೆ ಕೇಳೋಣವೆಂದು ತಡೆದೆ. ಅಷ್ಟರಲ್ಲಿ ಅಕ್ಕ ಹಿತ್ತಾಳೆ ಲೋಟವನ್ನು ಆ ಕೊಡದಲ್ಲೇ ಅದ್ದಿ ನನ್ನ ಮುಂದೆ ಹಿಡಿದಳು.

"ತಗೋ ತಮ್ಮಾ. ಹನ್ನೊಂದು ವರ್ಷದಿಂದ ನೀರು ನೀರು ಅಂತಿದ್ದೆಲ್ಲಾ. ಕಡ್ಡಿ ಸಿಹಿ ಅಂದೇತಿ. ಕುಡಿ."

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತ ನಿಂತರು. ನಾನು ಕಣ್ಣು ಮುಚ್ಚಿ, ಅಂದು ಅದೇ ಜಾಗದಲ್ಲಿ ಉಗುಳಿದ್ದನ್ನು ಇಂದು ಲೋಟದ ತಳ ಕಾಣುವವರೆಗೆ ನುಂಗಿದೆ.

"ಹೆಂಗೈತ್ರಿ ಬೀಗರ, ನೀರು?" ಅತ್ತೆ ಕೇಳಿದರು.

"ಹಾಲಿದ್ದಂಗ ಐತ್ರಿ" ಎಂದೆ.

ಅಕ್ಕ ನನ್ನ ಕೈಯಿಂದ ಲೋಟ ತೆಗೆದುಕೊಳ್ಳುವಾಗ ಮೆಲ್ಲಗೆ ಅಂದಳು: "ಇನ್ನಾ ಸುಧಾರಿಸಲಿಲ್ಲಲ್ಲೋ ನೀ."

ತೊಟ್ಟಿಯನ್ನು ನಾನು ಕೊಳ್ಳಲಿಲ್ಲ. ಎರಡು ಮೀನುಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಕಾರವಾರದ ಲಾರಿಯೊಂದು ಹೊರಟುಹೋಯಿತು. ಗಾಜಿನ ತೊಟ್ಟಿ ನಮ್ಮ ಪೇಟೆಯ ಖಾರದ ಅಂಗಡಿಗೆ ಸೇರಿ, ಈಗ ಅದರ ತುಂಬ ಕುರುಕುರು ತಿನ್ನುವ ಸವಣೂರು ಖಾರ ತುಂಬಿದೆ. ಉಪ್ಪಂತೂ ಅದಕ್ಕೆ ತಪ್ಪಲಿಲ್ಲ. ಗುರುತಿಗೆ ಇರಲೆಂದು ಸಾಹೇಬರಿಗೆ ಒಂದು ಸಫಾರಿ ಹೊಲಿದುಕೊಟ್ಟೆ. ತೋಳು ಎರಡೂ ಸಮ ಬಂದವು. ದುಂಡಸಿಗೆ ಹೋದಾಗಲೆಲ್ಲ ಈಗ ನಾನೇ ಮೂರು ಓಣಿ ದಾಟಿ ಆರು ಕೊಡ ಹೊತ್ತು ಹಾಕಿ ಬರುತ್ತೇನೆ. "ಎಂಥಾ ದೊಡ್ಡ ಮನಸು!" ಎಂದು ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೊಗಳುತ್ತಾರೆ. ಅವರಿಗೆ ನಿಜ ಹೇಳಬೇಕೆಂದು ಪ್ರತಿ ಸಲ ಹೊರಡುತ್ತೇನೆ, ಹೊಗಳಿಸಿಕೊಂಡು ಬರುತ್ತೇನೆ. ಕೊನೆಗೆ ಬೇರೆ ದಾರಿ ಕಾಣದೆ ಎಲ್ಲವನ್ನೂ ಇಲ್ಲಿ ಬರೆದು ಒಪ್ಪಿಸಿದ್ದೇನೆ. ಅವರಿಗೆ ಓದಲು ಬರುವುದಿಲ್ಲ. ಅದನ್ನು ಅಕ್ಕನ ಹತ್ತಿರ ಎರಡು ಸಲ ವಿಚಾರಿಸಿಕೊಂಡೇ ಪೆನ್ನು ಹಿಡಿದೆ.