ಗುಡಿಸಿ ಸಾರಿಸಿದ ಸೇತುವೆ

ಇದರಲ್ಲಿ ಒಂದೆರಡು ವಿವರ ಹೆಚ್ಚುಕಡಿಮೆ ಇರಬಹುದು. ಅವತ್ತು ಬುಧವಾರವೋ ಗುರುವಾರವೋ, ಆಣೆ ಮಾಡಿ ಹೇಳಲಾರೆ. ಫೋನಿನಲ್ಲಿ ನಾನು ಆಡಿದ ಒಂದು ಮಾತನ್ನಂತೂ ದಿನಚರಿಯಲ್ಲಿ ಮೂರು ಸಲ ಮೂರು ಥರ ಬರೆದಿದ್ದೇನೆ. ಆದರೆ ಟಾರು ಕಿತ್ತು ಬಂದದ್ದು ನಿಜ. ಅದಕ್ಕೆ ಇಡೀ ಪೂರಿಗಾಲಿ ಊರೇ ಸಾಕ್ಷಿ!

ನಾನು ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುವವಳು. ಎಂ.ಟೆಕ್.ನಲ್ಲಿ ಎರಡು ವರ್ಷ ತಲೆ ಕೆಡಿಸಿಕೊಂಡ ವಿಷಯ ಒಂದೇ: ಕಾಂಕ್ರೀಟ್ ಸೇತುವೆಯ ಮೇಲೆ ಹಾಕಿದ ಟಾರು ಯಾವಾಗ ಅಂಟುತ್ತದೆ, ಯಾವಾಗ ಕಿತ್ತು ಬರುತ್ತದೆ. ಇದು ಓದುವಂಥ ವಿಷಯ ಅಂತ ನನ್ನ ಅತ್ತೆಗೆ ಯಾವತ್ತೂ ಅನ್ನಿಸಿರಲಿಲ್ಲ. "ಟಾರು ಅಂಟ್ಕತದೆ ಅಂತ ಬರಿಗಾಲಲ್ಲಿ ನಡ್ದೋರ್ಗೆಲ್ಲ ಗೊತ್ತು ಕಣವ್ವ. ಅದ್ಕೂ ಕಾಲೇಜು ಬೇಕಾ?" ಅನ್ನುತ್ತಿದ್ದರು.

ಅಂಥ ಅತ್ತೆಯೇ ಒಂದು ದಿನ ನನ್ನ ಓದಿಗೆ ಕೆಲಸ ಕೊಟ್ಟರು. ಪೂರಿಗಾಲಿಯ ಅವರ ಮನೆಗೂ ರಸ್ತೆಗೂ ನಡುವೆ ಒಂದು ಕಾಲುವೆ. ಅದರ ಮೇಲೆ ನಮ್ಮದೇ ಪುಟ್ಟ ಕಾಂಕ್ರೀಟ್ ಸೇತುವೆ. ಅದು ಗುಂಡಿ ಬಿದ್ದು, ಆಟೋದವರು ಆಚೆ ದಡದಲ್ಲೇ ನಿಲ್ಲುತ್ತಿದ್ದರು. ಅತ್ತೆಗೆ ಮಂಡಿನೋವು.

"ಆಟೋ ಬಾಗ್ಲಿಗೆ ಬರಂಗೆ ಮಾಡ್ಕೊಡು. ನೀ ಓದಿದ್ದು ಸಾರ್ಥಕ ಅಂತ ಒಪ್ಕತೀನಿ" ಅಂದರು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಸಿಕ್ಕ ಅವಕಾಶ. ಮಾತು ಕೊಟ್ಟೆ!

ಅತ್ತೆಯ ತಮ್ಮ ಸಿದ್ದರಾಜು ಮಾವ ರಸ್ತೆ ಕಂಟ್ರಾಕ್ಟರು. ಬಿಸಿ ಟಾರು, ಜಲ್ಲಿ, ರೋಲರು ಅವರದು. ವಿಜ್ಞಾನ ನನ್ನದು. ಟಾರು ಹಾಕುವ ಮೊದಲು ಕಾಂಕ್ರೀಟಿಗೆ ತೆಳ್ಳಗೆ ಬಳಿಯಬೇಕಾದ ಅಂಟಿನ ಡಬ್ಬವನ್ನು ಹಿಂದಿನ ವಾರವೇ ಅತ್ತೆಯ ಮನೆಯಲ್ಲಿ ತಂದಿಟ್ಟಿದ್ದೆ. ಟಾರು ಹಾಕುವ ಹಿಂದಿನ ದಿನ ಅತ್ತೆಗೆ ಫೋನ್ ಮಾಡಿ, 'ಮೇಲ್ಮೈಯು ಧೂಳುರಹಿತವೂ ತೇವರಹಿತವೂ ಆಗಿರತಕ್ಕದ್ದು' ಎಂಬ ನಿಯಮವನ್ನು ಮನೆಮಾತಿಗೆ ಇಳಿಸಿ ಹೇಳಿದೆ. ಏನೆಂದು ಇಳಿಸಿದೆ ಅನ್ನುವುದೇ ಈಗಿನ ವಿವಾದ. "ಸೇತುವೆ ಚೆನ್ನಾಗಿ ಗುಡಿಸಿಡಿ" ಅಂದೆ ಎಂದು ನನ್ನ ನೆನಪು.

ಮರುದಿನ ಮಳವಳ್ಳಿಯಲ್ಲಿ ಬಸ್ಸು ತಪ್ಪಿತು. ನಾನು ತಲುಪುವ ಹೊತ್ತಿಗೆ ಕೆಲಸ ಮುಗಿದು ಸೇತುವೆ ಕಪ್ಪಗೆ ಮಿರುಗುತ್ತಿತ್ತು. ಅಕ್ಕಪಕ್ಕದವರು ಹತ್ತು ಜನ ಸೇರಿದ್ದರು. ಜನ ಸೇರಿದ ಮೇಲೆ ಪಾಠ ಹೇಳುವವಳ ಬಾಯಿ ಸುಮ್ಮನಿರುತ್ತದೆಯೇ?

"ನೋಡಿ, ಧೂಳು, ತೇವ, ಎಣ್ಣೆ ಮೂರೂ ಇಲ್ಲದಿದ್ದರೆ ಟಾರು ಕಾಂಕ್ರೀಟನ್ನು ಬಿಡುವುದೇ ಇಲ್ಲ!" ಅಂದೆ. ಚಪ್ಪಾಳೆ ಬಿತ್ತು. ಅಥವಾ ಯಾರೋ ಸೊಳ್ಳೆ ಹೊಡೆದರು.

ಆಗ ಟಾರಿನ ಅಂಚಿನಲ್ಲಿ ಬೆಳ್ಳಗೆ ಒಂದು ಎಳೆ ಇಣುಕುತ್ತಿರುವುದು ಕಂಡಿತು.

"ಅತ್ತೆ, ಇದೇನು ರಂಗೋಲಿ?"

"ಸುಭಕಾರ್ಯ ಅಲ್ವಾ? ರಾಗಿ ಕಣ ಸಾರ್ಸಂಗೆ ಮಂದ್ವಾಗಿ ಸಗಣಿ ಸಾರ್ಸಿ ರಂಗೋಲಿ ಬುಟ್ಟೆ. ನೀನೇ ತಾನೆ ಯೇಳಿದ್ದು, ಗುಡ್ಸಿ ಸಾರ್ಸಿ ಅಂತ!"

"ಆ ಅಂಟಿನ ಡಬ್ಬ?"

"ಕೊಟ್ಗೆ ಮ್ಯಾಲಿನ ತಗಡು ಸೀಟು ಸೋರ್ತಿತ್ತು, ಬಳ್ದುಬುಟ್ಟೆ. ಸೇತ್ವೆ ಏನ್ ಸೋರ್ತದಾ?"

ನನ್ನ ಪ್ರಬಂಧದಲ್ಲಿ ಧೂಳಿಗೆ ಒಂದು ಅಧ್ಯಾಯ, ತೇವಕ್ಕೆ ಒಂದು ಅಧ್ಯಾಯ ಇತ್ತು. ಸಗಣಿಗೆ ಒಂದು ಸಾಲೂ ಇರಲಿಲ್ಲ!

"ಮಾವ, ನೀವಾದರೂ ನೋಡಬಾರದಿತ್ತಾ?"

"ನೋಡ್ದೆ ಕಣವ್ವ. ಅಷ್ಟು ಓದಿರೋಳು ಯೇಳೌಳೆ ಅಂದ್ಮೇಲೆ ನಾನೇನ್ ಮಾತಾಡಾನ? ಒಸಾ ಪದ್ದತಿ ಇರ್ಬೋದು ಅಂದ್ಕಂಡೆ."

ಅಷ್ಟರಲ್ಲಿ ಅತ್ತೆ ಕರೆಸಿದ್ದ ಆಟೋ ಸೇತುವೆಯ ಬಾಯಿಗೆ ಬಂತು. "ತಡೀರಿ!" ಅಂತ ಕೂಗಿದೆ. ಡ್ರೈವರ್ ಪುಟ್ಟಸ್ವಾಮಿಗೆ "ನಡೀರಿ" ಅಂತ ಕೇಳಿಸಿತಂತೆ. ನಡೆದೇಬಿಟ್ಟ. ನಡುವೆ ಬಂದು, ನನ್ನ ಮುಖ ನೋಡಿ ಗಾಬರಿಯಾಗಿ ಬ್ರೇಕ್ ಹಾಕಿದ.

ಆಟೋ ನಿಂತಿತು. ಟಾರು ನಿಲ್ಲಲಿಲ್ಲ!

ಎಣ್ಣೆ ಸವರಿದ ಕಾವಲಿಯಿಂದ ಅಕ್ಕಿರೊಟ್ಟಿ ಜಾರುವಂತೆ ಜಾರಿ, ಮಡಿಚಿಕೊಂಡು, ಅರ್ಧ ಕಾಲುವೆಗೆ ಬಿತ್ತು. ಉಳಿದರ್ಧ ಆಟೋದ ಚಕ್ರಕ್ಕೆ, ಮಾವನ ಪಂಚೆಗೆ, ನನ್ನ ಎರಡೂ ಚಪ್ಪಲಿಗೆ ಶಾಸ್ತ್ರೋಕ್ತವಾಗಿ ಅಂಟಿತು. ಕಾಂಕ್ರೀಟಿಗೆ ಬಿಗಿಯಾಗಿ ಅಂಟಿದ್ದು ಸಗಣಿಯೊಂದೇ. ಅತ್ತೆಯ ಕೈಕೆಲಸ!

"ಅಕ್ಕ, ಇನ್ಮ್ಯಾಕೆ ನಾನು ಆಚೆ ದಡದಲ್ಲೇ ನಿಂತ್ಕತೀನಿ" ಅಂದ ಪುಟ್ಟಸ್ವಾಮಿ.

ಈಗಲೂ ಅಲ್ಲೇ ನಿಲ್ಲುತ್ತಾನೆ. ಕೊಟ್ಟಿಗೆ ಮಾತ್ರ ಒಂದು ತೊಟ್ಟೂ ಸೋರುವುದಿಲ್ಲ. ನನ್ನ ಎಂ.ಟೆಕ್.ನಿಂದ ಆ ಮನೆಯಲ್ಲಿ ಉಪಕಾರವಾದದ್ದು ಎರಡು ಹಸುಗಳಿಗೆ.

ಮೊನ್ನೆ ಅತ್ತೆಯ ಕೈಹಿಡಿದು ಸೇತುವೆ ದಾಟಿಸುತ್ತಾ ಕೇಳಿದೆ: "ನಿಜ ಹೇಳಿ ಅತ್ತೆ, ಅವತ್ತು ನಾನು ಬರೀ 'ಗುಡಿಸಿ' ಅಂದೆನಾ, 'ಗುಡಿಸಿ ಸಾರಿಸಿ' ಅಂದೆನಾ?"

ಅತ್ತೆ ಮಂಡಿ ಹಿಡಿದುಕೊಂಡು ಆಟೋ ಹತ್ತಿ ಕೂತು, ಸೆರಗು ಸರಿಮಾಡಿಕೊಂಡು, "ನಡಿಯಪ್ಪ ಪುಟ್ಸಾಮಿ" ಅಂದರು.