ಝಟ್ಕಾ ಇಳಿಸುವ ನೌಕರಿ

ಬೆಚ್ಚಿಬೀಳುವುದಕ್ಕೆ ಸಂಬಳ ಕೊಡುತ್ತಾರೆಂದು ಸೇರುವಾಗ ಯಾರೂ ಹೇಳಿರಲಿಲ್ಲ. ಮೋಟರು ಓಡಿಸುವ ಡ್ರೈವ್ ಪೆಟ್ಟಿಗೆಗಳಿಗೆ ನಾನು ಸರ್ವಿಸ್ ಎಂಜಿನಿಯರ್. ಪರ್ಮನೆಂಟ್ ಮ್ಯಾಗ್ನೆಟ್ ಮೋಟರು ನುಣ್ಣಗೆ ತಿರುಗಿದಂತೆ ಕಂಡರೂ ಒಳಗೊಳಗೇ ಜಗ್ಗುತ್ತಿರುತ್ತದೆ. ಆ ಜಗ್ಗಾಟ ಇಳಿಸುವುದು ನನ್ನ ಕೆಲಸ. ಮೋಟರಿನ ಮ್ಯಾಗ್ನೆಟ್ ಪರ್ಮನೆಂಟ್, ನಾನು ಟೆಂಪರರಿ. "ಗುಜರಾತಿನಲ್ಲಿ ಮೂರು ದೂರು ಮುಗಿಸಿ ಗಿರಾಕಿಗಳ ಪತ್ರ ತನ್ನಿ, ನೀವೂ ಪರ್ಮನೆಂಟ್. ಇಲ್ಲದಿದ್ದರೆ ನಿಮ್ಮೂರು ಧಾರವಾಡಕ್ಕೆ ವಾಪಸ್," ಎಂದಿದ್ದರು ಮ್ಯಾನೇಜರ್.

೧. ವಡೋದರ

ಮಕರಪುರದ ಕಾರ್ಖಾನೆಯ ಆಪರೇಟರ್, "ಸಾಹೇಬ್, ಮೋಟರ್ ಝಟ್ಕಾ ಮಾರ್ತಾ ಹೈ," ಎಂದ. ಝಟ್ಕಾ ಎಂದರೆ ಜಗ್ಗುವುದು ಎಂದು ಆಗತಾನೇ ಕಲಿತಿದ್ದೆ. ನನ್ನದೇ ವಿಷಯ! ಖುಷಿಯಿಂದ, "ಎಷ್ಟು ಜೋರು?" ಎಂದೆ.

"ಕೈ ಇಟ್ಟು ನೋಡಿ."

ಇಟ್ಟೆ. ಮರುಕ್ಷಣ ನೆಲದ ಮೇಲಿದ್ದೆ. ಮೋಟರಿನ ಅರ್ಥ್ ತಂತಿ ಕಳಚಿತ್ತು. ಕರೆಂಟ್ ಹೊಡೆಯುವುದಕ್ಕೂ ಇಲ್ಲಿ ಝಟ್ಕಾ ಎಂದೇ ಅನ್ನುತ್ತಾರಂತೆ! ತಂತಿ ಬಿಗಿದು ಪತ್ರ ಇಸಿದುಕೊಂಡೆ.

"ನಮಗೂ ಇಷ್ಟೇ ಜೋರಾಗಿ ಹೊಡೀತಿತ್ತು ಸಾಹೇಬ್," ಎಂದ ಆಪರೇಟರ್, ಸಮಾಧಾನದಿಂದ.

೨. ಅಹಮದಾಬಾದ್

ವಟ್ವಾದಲ್ಲಿ ದೂರು ಕೊಟ್ಟವರು ಉಡುಪಿ ಕಡೆಯ ಹೋಟೆಲ್ ಭಟ್ಟರು. ಕನ್ನಡದಲ್ಲೇ ಮಾತು, ಇನ್ನು ಎಡವಟ್ಟಿಲ್ಲ ಅಂದುಕೊಂಡೆ. "ಗ್ರೈಂಡರ್ ಅದುರ್ತದೆ ಮಾರಾಯ್ರೆ, ಕಿವಿ ಹೋಯ್ತು," ಎಂದರು. ಮೋಟರು ಜಗ್ಗುವ ಜಾಗಕ್ಕೆ ಸರಿಯಾಗಿ ಕರೆಂಟ್ ಏರಿಳಿಯುವಂತೆ ಡ್ರೈವ್ ತಿದ್ದಿದೆ. ಗ್ರೈಂಡರ್ ಗಪ್‌ಚಿಪ್. ಅದೇ ಊರಿನಲ್ಲಿದ್ದ ನನ್ನ ಬಾಡಿಗೆ ಮನೆಗೆ ಬಂದು ಹೆಂಡತಿಯೆದುರು ಕೊಚ್ಚಿಕೊಂಡೆ.

ಮರುದಿನ ಭಟ್ಟರ ಫೋನ್: "ಎಂಥ ಮಾಡಿದ್ರಿ ನೀವು? ನಮ್ಮ ಅಡುಗೆಯವನಿಗೆ ಉದ್ದಿನ ಹದ ಸದ್ದಲ್ಲೇ ಗೊತ್ತಾಗುದು. ಈಗ ಹಿಟ್ಟು ಮಾತೇ ಆಡುದಿಲ್ಲ!"

ಕೆಲಸ ಸರಿಯಾದದ್ದೇ ದೂರು! ದಂಗಾಗಿಹೋದೆ. ಆದರೆ ಪತ್ರ ಬೇಕಲ್ಲ? ಓಡಿಹೋಗಿ ಸ್ವಲ್ಪ ಅದುರಾಟ ವಾಪಸ್ ಹಾಕಿದೆ. ಭಟ್ಟರು ಬರೆದುಕೊಟ್ಟರು: "ಈಗ ಹಿಟ್ಟು ಚೆನ್ನಾಗಿ ಕೇಳಿಸುತ್ತದೆ."

೩. ಸೂರತ್

ಕೊನೆಯದು ಊರಾಚೆ ಸಚಿನ್ ಎಂಬ ಜಾಗದ ಬಟ್ಟೆ ಕಾರ್ಖಾನೆ. ರೋಲರ್ ತಿರುಗಿಸುವ ಮೋಟರು ಜಗ್ಗಿದಾಗಲೆಲ್ಲ ಬಟ್ಟೆಗೆ ಅಡ್ಡಗೆರೆ. ಮೂರು ದಿನ ಕೂತೆ. ಗೆರೆ ಮಾಯ! ಮಾಲೀಕರು ನನ್ನನ್ನು ಅಪ್ಪಿಕೊಂಡು, ತಾವೇ ಇಂಗ್ಲಿಷಿನಲ್ಲಿ ಪತ್ರ ಬರೆದು, ನಮ್ಮ ಹೆಡ್ ಆಫೀಸಿಗೆ ನೇರವಾಗಿ ಕಳಿಸಿದರು.

ಸಂಜೆ ಮ್ಯಾನೇಜರ್ ಫೋನಿನಲ್ಲಿ ಅದನ್ನು ಓದಿ ಹೇಳಿದರು. ಝಟ್ಕಾ ಎಂಬುದನ್ನು ಮಾಲೀಕರು ಅಚ್ಚುಕಟ್ಟಾಗಿ ಶಾಕ್ ಎಂದು ಅನುವಾದ ಮಾಡಿದ್ದರು: "ಮೊದಲು ಮೋಟರು ಪ್ರತಿ ಸುತ್ತಿನಲ್ಲೂ ಇಪ್ಪತ್ತನಾಲ್ಕು ದೊಡ್ಡ ಶಾಕ್ ಕೊಡುತ್ತಿತ್ತು. ತಮ್ಮ ಎಂಜಿನಿಯರ್ ದಯೆಯಿಂದ ಈಗ ಸಣ್ಣ ಶಾಕ್ ಮಾತ್ರ. ಕೆಲಸಗಾರರೆಲ್ಲ ಸಂತೋಷವಾಗಿದ್ದಾರೆ."

ಕೆಲಸಗಾರರಿಗೆ ಇನ್ನೂ ಕರೆಂಟ್ ಹೊಡೆಯುತ್ತಿದೆ ಎಂದೇ ಹೆಡ್ ಆಫೀಸಿನವರು ಓದಿಕೊಳ್ಳುತ್ತಾರಲ್ಲ! ಧಾರವಾಡದ ಟಿಕೆಟ್ ಕಣ್ಣೆದುರು ಬಂತು. ವಾರವಿಡೀ ಟಪಾಲು ಕಾದೆ. ಕೊನೆಗೆ ಹೆಡ್ ಆಫೀಸಿನ ಆದೇಶ ಬಂತು. ಒಂದು ಕಣ್ಣು ಮುಚ್ಚಿಕೊಂಡು ಓದಿದೆ. ನೌಕರಿ ಪರ್ಮನೆಂಟ್! ಹೆಂಡತಿಯನ್ನು ಕೂಗಿ ಕರೆದೆ. ಅವಳು ಬಂದು ಕೆಳಗಿನ ಸಾಲನ್ನೂ ಓದಿದಳು:

"ತಕ್ಷಣ ಸಚಿನ್‌ಗೆ ಹೋಗಿ, ಉಳಿದ ಸಣ್ಣ ಶಾಕ್‌ಗಳನ್ನು ಕೈಯಿಟ್ಟು ಎಣಿಸಿ ವರದಿ ಕೊಡತಕ್ಕದ್ದು."